ಗಾಳಿ ಎದ್ದ ದಿನ ದಡಕ್ಕೆ ಓಡಬೇಡ!

ಹಾಯಿದೋಣಿಯವರ ಒಂದು ಹಳೇ ಲೆಕ್ಕ, ನಮ್ಮ ಅಳಿವೆ ಬಾಗಿಲುಗಳ ಒಂದು ಹಳೇ ಗೋಳು

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ಮರವಂತೆ ಮುಟ್ಟಿತೆಂದರೆ ನಿದ್ದೆ ಮಾಡುತ್ತಿದ್ದವನೂ ಕಣ್ಣು ಬಿಡುತ್ತಾನೆ. ಬಲಕ್ಕೆ ಸೌಪರ್ಣಿಕಾ ಹೊಳೆ, ಎಡಕ್ಕೆ ಕಡಲು. ಎಡಗಡೆ ಸೀಟು ಸಿಕ್ಕವನಿಗೆ ಪುಕ್ಕಟೆ ಸಿನಿಮಾ. ಗಾಳಿ ಜೋರಿರುವ ದಿನ ದೂರದಲ್ಲೊಂದು ದೋಣಿ ತೆರೆಗಳ ಮೇಲೆ ಏರಿ ಇಳಿಯುವುದು ಕಂಡರೆ ಬಸ್ಸಿನೊಳಗೆ ಒಂದು ಮಾತು ಬಂದೇ ಬರುತ್ತದೆ: "ಇವರಿಗೆ ಎಂತ ಮರುಳು ಮಾರಾಯ್ರೆ! ದಡ ಇಷ್ಟು ಹತ್ತಿರ ಉಂಟು, ಬಂದುಬಿಡಬಾರದಾ?"

ಕೇಳಿದವರಿಗೆಲ್ಲ ಸರಿ ಅನ್ನಿಸುವ ಮಾತು. ಮಳೆ ಬಂದರೆ ನಾವು ಅಂಗಡಿ ಜಗಲಿಗೆ ಓಡುವುದಿಲ್ಲವೇ? ಹಾಗೇ ಬಿರುಗಾಳಿ ಬಂದರೆ ದೋಣಿ ದಡಕ್ಕೆ ಓಡಬೇಕು. ಆದರೆ ಹಾಯಿ ಕಟ್ಟಿ ಕಡಲು ಸುತ್ತುವವರನ್ನು ಕೇಳಿ ನೋಡಿ. ಗಾಳಿ ಎದ್ದ ದಿನ ಅವರಿಗೆ ಕಡಲಿನ ಹೆದರಿಕೆಗಿಂತ ದಡದ ಹೆದರಿಕೆ ಜಾಸ್ತಿ. "ಹೊರಗೆ ಇದ್ದರೆ ಸುಸ್ತಾದೀತು, ಒಳಗೆ ನುಗ್ಗಿದರೆ ಸತ್ತೇವು" ಅನ್ನುವ ಲೆಕ್ಕ ಅವರದು.

ಈ ಲೆಕ್ಕ ಯಾಕೆ ಹೀಗೆ ತಿರುಗುಮುರುಗು ಅನ್ನುವುದು ಹಾಯಿದೋಣಿಯ ಶೋಕಿ ಇರುವವರಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಲ್ಲ. ಗಂಗೊಳ್ಳಿ, ಹೊನ್ನಾವರ, ಮಂಗಳೂರು ಅಂತ ನಮ್ಮ ಒಂದೊಂದು ಅಳಿವೆ ಬಾಗಿಲಲ್ಲೂ ಬೋಟು ಮಗುಚಿದ ಸುದ್ದಿಯನ್ನು ಓದುತ್ತಲೇ ಬಂದಿದ್ದೇವೆ. ಮನೆ ಕಾಣುವಷ್ಟು ದೂರದಲ್ಲಿ ಮುಳುಗಿದವರ ಸುದ್ದಿ ಅದು. ಅದರ ಹಿಂದಿರುವುದೂ ಇದೇ ಲೆಕ್ಕ.

ಎಂಥ ದೋಣಿ ಇದು?

ಮೊದಲು ದೋಣಿ ಎಂಥದು ಅಂತ ತಿಳಿಯಬೇಕು. ಮಲ್ಪೆ ದಕ್ಕೆಯಲ್ಲಿ ಸಾಲುಗಟ್ಟಿ ನಿಲ್ಲುವ ಟ್ರಾಲರ್ ಬೋಟು ಬೇರೆ, ಇದು ಬೇರೆ. ಮೂವತ್ತರಿಂದ ನಲವತ್ತು ಅಡಿ ಉದ್ದ. ನಡುವೆ ಒಂದು ಎತ್ತರದ ಹಾಯಿಕಂಬ. ಅದರ ಹಿಂದೊಂದು ದೊಡ್ಡ ಹಾಯಿ, ಮುಂದೊಂದು ಮುಮ್ಮೂಲೆ ಹಾಯಿ. ಕೆಳಗೆ ನಾಲ್ಕು ಜನ ಮಲಗುವಷ್ಟು ಕೋಣೆ, ಒಂದು ಸ್ಟೌ, ಒಂದು ಸಣ್ಣ ಡೀಸೆಲ್ ಎಂಜಿನ್. ಎಂಜಿನ್ ಇರುವುದು ಬಂದರಿನ ಒಳಗೆ ಹೊರಗೆ ಮಾಡಲಿಕ್ಕೆ. ದೊಡ್ಡ ಗಾಳಿಗೆ ಎದುರು ನಿಲ್ಲುವ ತಾಕತ್ತು ಅದಕ್ಕೆ ಇಲ್ಲ.

ಗುಟ್ಟು ಇರುವುದು ತಳದಲ್ಲಿ. ನೀರಿನ ಕೆಳಗೆ ಸೀಸದ್ದೋ ಕಬ್ಬಿಣದ್ದೋ ಒಂದು ದೊಡ್ಡ ರೆಕ್ಕೆ ಇರುತ್ತದೆ. ಅದಕ್ಕೆ ಕೀಲ್ ಅಂತಾರೆ. ತಂಜಾವೂರು ಬೊಂಬೆ ನೋಡಿದ್ದೀರಲ್ಲ? ತಲೆ ಒತ್ತಿ ಮಲಗಿಸಿದರೂ ಬುಡದ ಭಾರಕ್ಕೆ ಮತ್ತೆ ಎದ್ದು ಕೂರುತ್ತದೆ. ಈ ದೋಣಿಯೂ ಹಾಗೇ. ಗಾಳಿ ಎಷ್ಟೇ ವಾಲಿಸಿದರೂ ಕೀಲಿನ ಭಾರ ಅದನ್ನು ಎಬ್ಬಿಸುತ್ತದೆ. ಆಳದ ನೀರಿನಲ್ಲಿ ಇದೇ ಜೀವ ಉಳಿಸುವ ವಸ್ತು. ತೆಳು ನೀರಿಗೆ ಬಂದರೆ ಇದೇ ನೆಲಕ್ಕೆ ತಾಗಿ ಜೀವ ತೆಗೆಯುವ ವಸ್ತು. ಯಾಕೆಂದರೆ ಈ ರೆಕ್ಕೆ ಆರಡಿ ಆಳಕ್ಕೆ ಇಳಿದಿರುತ್ತದೆ.

ಇಂಥ ದೋಣಿ ನಮಗೆ ತೀರಾ ಪರದೇಶಿ ಸರಕು ಅಂದುಕೊಳ್ಳಬೇಡಿ. ಪಕ್ಕದ ಗೋವಾದ ದಿವಾಡಿ ದ್ವೀಪದಲ್ಲಿ ಕಟ್ಟಿದ 56 ಅಡಿಯ 'ಮ್ಹಾದೆಯಿ' ದೋಣಿಯಲ್ಲಿ ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಪ್ರಪಂಚ ಸುತ್ತಿ ಬಂದರು. ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ಗೋವಾದಲ್ಲೇ ಹುಟ್ಟಿದ 'ತಾರಿಣಿ'ಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರು 2017-18ರಲ್ಲಿ, ಮತ್ತೆ ಇಬ್ಬರೇ ಮಹಿಳೆಯರು 2024-25ರಲ್ಲಿ ಭೂಮಿ ಸುತ್ತಿದರು. ಅದಕ್ಕೂ ಹಿಂದಿನ ಕಾಲಕ್ಕೆ ಹೋದರೆ ನಮ್ಮ ಮಂಜಿಗಳು, ಪತ್ತೇಮಾರಿಗಳು ಹೆಂಚು, ತೆಂಗಿನಕಾಯಿ, ಅಕ್ಕಿ ಹೇರಿಕೊಂಡು ಹಾಯಿಯ ಮೇಲೇ ವ್ಯಾಪಾರ ಮಾಡಿದವು. ಗಾಳಿಯ ಲೆಕ್ಕ ಈ ಕರಾವಳಿಗೆ ಹೊಸದಲ್ಲ.

ಕಾರವಾರದಿಂದ ಮಲ್ಪೆಗೆ

ಈಗ ಒಂದು ದಿನವನ್ನು ಮನಸ್ಸಿನಲ್ಲೇ ಕಟ್ಟಿ ನೋಡುವ. ಮೇ ತಿಂಗಳ ಮೊದಲ ವಾರ ಅಂತಿಟ್ಟುಕೊಳ್ಳಿ. ಮೂವತ್ತೈದು ಅಡಿಯ ಹಾಯಿದೋಣಿ, ಒಳಗೆ ಇಬ್ಬರು. ಚುಕ್ಕಾಣಿ ಹಿಡಿದವರು ಹಳೇ ಪಳಗಿದ ಕೈ. ಜೊತೆಗಿರುವ ಹುಡುಗ ಹೊಸಬ. ಕಾರವಾರದಿಂದ ಹೊರಟು ಮಲ್ಪೆ ಸೇರಬೇಕು. ನೀರ ಮೇಲೆ ಸುಮಾರು 90 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ದೋಣಿಯ ವೇಗ ಗಂಟೆಗೆ ಐದು ಮೈಲಿ, ಅಂದರೆ ಹಾಲು ಹಾಕುವವನ ಸೈಕಲ್ಲಿಗಿಂತಲೂ ನಿಧಾನ. ಬಸ್ಸಿನವರು ಐದಾರು ಗಂಟೆಯಲ್ಲಿ ಮುಗಿಸುವ ದಾರಿಗೆ ಇವರಿಗೆ ಹದಿನೆಂಟು ಗಂಟೆ.

ಬೆಳಗಿನ ಜಾವ ನಾಲ್ಕಕ್ಕೆ ಲಂಗರು ಎತ್ತಿದರು. ಯಾಕೆ ಅಷ್ಟು ಬೇಗ? ರಾತ್ರಿ ನೆಲ ತಣ್ಣಗಾಗಿ ಭೂಮಿಯಿಂದ ಕಡಲಿಗೆ ಸಣ್ಣ ಗಾಳಿ ಬೀಸುತ್ತದೆ. ಅದರ ಬೆನ್ನೇರಿ ಹೊರಗೆ ಹೋಗುವುದು. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಅದರ ಬೆನ್ನೇರಿ ಊರು ಸೇರುವುದು. ಎಂಜಿನ್ ಇಲ್ಲದ ಕಾಲದಲ್ಲಿ ಮೀನಿಗೆ ಹೋಗುವ ದೋಣಿಗಳು ನಡೆದದ್ದೇ ಈ ಎರಡು ಗಾಳಿಯ ಪಾಳಿಯ ಮೇಲೆ.

ಹತ್ತು ಗಂಟೆಗೆ ಗಾಳಿ ಸತ್ತಿತು. ಹಾಯಿ ಬಟ್ಟೆ ಒಣಹಾಕಿದ ಹಾಗೆ ಜೋಲು ಬಿತ್ತು. ಹೊನ್ನಾವರದ ಹತ್ತಿರ ಬಂದಾಗ ಮಧ್ಯಾಹ್ನ. ಆಗ ವಾಯವ್ಯದಿಂದ ಗಾಳಿ ಶುರು. ಬೇಸಗೆಯಲ್ಲಿ ಇದು ದಿನವೂ ಇದ್ದದ್ದೇ. ಆದರೆ ಈ ದಿನ ಅದು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಎರಡು ಗಂಟೆಗೆ ಹದಿನೈದು ನಾಟ್ ಇದ್ದದ್ದು ನಾಲ್ಕು ಗಂಟೆಗೆ ಇಪ್ಪತ್ತೈದು, ಭಟ್ಕಳದ ಹೊರಗೆ ಬರುವಾಗ ಮೂವತ್ತು. ಗಾಳಿ ಸ್ವಲ್ಪ ಸ್ವಲ್ಪವೇ ಪಡುವಣಕ್ಕೆ ತಿರುಗಿ ದಡದ ಕಡೆಗೇ ತಳ್ಳತೊಡಗಿತು.

ಇಲ್ಲಿ ಒಂದು ಲೆಕ್ಕ ಗಮನಿಸಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಅದು ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹತ್ತು ನಾಟ್ ಗಾಳಿಗೆ ಹಿತವಾಗಿದ್ದ ಹಾಯಿ ಮೂವತ್ತು ನಾಟಿಗೆ ರಾಕ್ಷಸ. ಮೀಟರ್ ಬಡ್ಡಿಯವನ ಸಾಲ ಇದ್ದ ಹಾಗೆ, ಸುಮ್ಮನಿದ್ದಷ್ಟೂ ಬೆಳೆಯುತ್ತದೆ. ಆದ್ದರಿಂದ ಬಲ್ಲವರು ಹಾಯಿಯನ್ನು ಮುಂಚೆಯೇ ಸಣ್ಣದು ಮಾಡುತ್ತಾರೆ. ದೊಡ್ಡ ಹಾಯಿಯನ್ನು ಅರ್ಧ ಇಳಿಸಿ, ಇಳಿದ ಬಟ್ಟೆಯನ್ನು ಸುತ್ತಿ ಹಗ್ಗದಿಂದ ಬಿಗಿಯುವುದು. ಯಾವಾಗ ಮಾಡಬೇಕು? "ಮಾಡಬೇಕೋ ಏನೋ ಅಂತ ಮನಸ್ಸಿಗೆ ಮೊದಲ ಸಲ ಬಂದಾಗಲೇ ಮಾಡಬೇಕು" ಅನ್ನುವುದು ಹಾಯಿಯವರ ಮೊದಲ ಪಾಠ. ಆಮೇಲೆ ಮಾಡಹೊರಟರೆ ಒದ್ದೆ ಕ್ಯಾನ್ವಾಸು ಕೈಗೆ ಸಿಗದೆ ಬಡಿದಾಡುತ್ತದೆ, ಉಗುರು ಕಿತ್ತುಬರುತ್ತದೆ.

ನಮ್ಮ ಹುಡುಗನ ಅವಸ್ಥೆ ಕೇಳಬೇಡಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಕಿಟಕಿಗೆ ತಲೆ ಹಾಕಿ ಕೂತವರನ್ನು ನೋಡಿದ್ದೀರಲ್ಲ? ಘಾಟಿ ಒಂದು ಹಂತಕ್ಕೆ ಮುಗಿಯುತ್ತದೆ. ಇಲ್ಲಿ ತಿರುವು ಮುಗಿಯುವುದೇ ಇಲ್ಲ. ಕೆಳಗೆ ಕೋಣೆಯಲ್ಲಿ ಪಾತ್ರೆಗಳು ಗೋಡೆಯಿಂದ ಗೋಡೆಗೆ. ಚಹಾ ಮಾಡುವ ಮಾತೇ ಇಲ್ಲ. ಇಬ್ಬರೂ ಸೊಂಟಕ್ಕೆ ಪಟ್ಟಿ ಕಟ್ಟಿ ದೋಣಿಗೆ ಕೊಂಡಿ ಹಾಕಿಕೊಂಡಿದ್ದಾರೆ. ಇಂಥ ತೆರೆಯಲ್ಲಿ ನೀರಿಗೆ ಬಿದ್ದವನ ತಲೆ ಒಂದೆರಡು ನಿಮಿಷದಲ್ಲಿ ಕಣ್ಣಿಗೆ ಸಿಗದೆ ಹೋಗುತ್ತದೆ.

ಆಗ ಹುಡುಗ ಕೇಳುತ್ತಾನೆ, ನಾವು ನೀವು ಕೇಳುವ ಮಾತನ್ನೇ.

"ಅಣ್ಣ, ಗಂಗೊಳ್ಳಿ ಇಲ್ಲೇ ಮುಂದೆ ಅಲ್ವಾ? ಒಳಗೆ ಹೋಗಿ ಬಿಡುವ."

"ಬೇಡ ಮಾರಾಯ. ಈ ಗಾಳಿಗೆ ಅಳಿವೆ ಬಾಗಿಲು ಮುಚ್ಚಿದೆ ಅಂತಲೇ ತಿಳ್ಕೋ."

ಬಾಗಿಲು ಮುಚ್ಚುವುದು ಹೇಗೆ?

ಅಳಿವೆಗೆ ಬಾಗಿಲು ಅಂತ ಹೆಸರು ಇಟ್ಟವರು ಬುದ್ಧಿವಂತರು. ಬಾಗಿಲು ತೆರೆದೂ ಇರುತ್ತದೆ, ಮುಚ್ಚಿಯೂ ಇರುತ್ತದೆ. ಕಣ್ಣಿಗೆ ಮಾತ್ರ ಎರಡೂ ಒಂದೇ ಥರ.

ಹೊಳೆ ಘಟ್ಟದಿಂದ ಮರಳು ತರುತ್ತದೆ. ಕಡಲು ಅದನ್ನು ವಾಪಸು ತಳ್ಳುತ್ತದೆ. ಇಬ್ಬರ ಜಗಳದಲ್ಲಿ ಮರಳು ಬಾಯಿಯಲ್ಲೇ ದಿಬ್ಬವಾಗಿ ಕೂರುತ್ತದೆ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಒಟ್ಟಾಗಿ ಕಡಲಿಗೆ ಬೀಳುತ್ತವೆ. ಹೊನ್ನಾವರದಲ್ಲಿ ಶರಾವತಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆ. ಎಲ್ಲ ಕಡೆಯೂ ಇದೇ ಕಥೆ. ದಿಬ್ಬ ಇದ್ದಲ್ಲೇ ಇರುವುದೂ ಇಲ್ಲ, ಒಂದು ಮಳೆಗಾಲಕ್ಕೆ ಒಂದು ಜಾಗ.

ಈಗ ತೆರೆಯ ಗುಣ ನೋಡಿ. ಆಳದ ಕಡಲಿನಲ್ಲಿ ಆರಡಿ ತೆರೆ ಅಂದರೆ ಒಂದು ಉಬ್ಬು ಅಷ್ಟೆ. ದೋಣಿಯನ್ನು ಎತ್ತುತ್ತದೆ, ಇಳಿಸುತ್ತದೆ, ಮುಂದೆ ಹೋಗುತ್ತದೆ. ಹೊಟ್ಟೆ ತೊಳಸೀತು, ದೋಣಿಗೆ ಏನೂ ಆಗದು. ಅದೇ ತೆರೆ ತೆಳು ನೀರಿಗೆ ಬಂದಾಗ ಅದರ ಕಾಲು ನೆಲಕ್ಕೆ ತಾಗುತ್ತದೆ. ಕಾಲು ನಿಧಾನ, ತಲೆ ಜೋರು. ತೆರೆ ಕಡಿದಾಗಿ ಎದ್ದು ನಿಂತು ಮುಗ್ಗರಿಸಿ ಒಡೆಯುತ್ತದೆ. ನೀರಿನ ಆಳ ತೆರೆಯ ಎತ್ತರದ ಒಂದೂಕಾಲು ಪಟ್ಟಿನ ಆಸುಪಾಸಿಗೆ ಇಳಿದಾಗ ಇದು ಆಗುತ್ತದೆ. ಒಡೆಯುವ ತೆರೆಯಲ್ಲಿ ನೀರು ಏರಿ ಇಳಿಯುವುದಿಲ್ಲ, ಟನ್ನುಗಟ್ಟಲೆ ಭಾರವಾಗಿ ಮೈಮೇಲೆ ಬೀಳುತ್ತದೆ. ದೋಣಿ ಅಡ್ಡ ತಿರುಗಿತೋ, ಮಗುಚಿತು.

ಕೀಲಿನ ಲೆಕ್ಕವನ್ನೂ ಹಾಕಿ. ದಿಬ್ಬದ ಮೇಲೆ ಹತ್ತಡಿ ನೀರು ಇದೆ ಅನ್ನಿ. ಆರಡಿ ತೆರೆಯ ಎರಡು ತಲೆಗಳ ನಡುವಿನ ತಗ್ಗಿನಲ್ಲಿ ಮೂರಡಿ ಕಮ್ಮಿಯಾಗಿ ಏಳಡಿ ಉಳಿಯಿತು. ದೋಣಿಗೆ ಬೇಕಾದದ್ದು ಆರಡಿ. ಕೈಯಲ್ಲಿ ಉಳಿದದ್ದು ಒಂದೇ ಅಡಿ. ತೆರೆ ಎಂಟಡಿ ಆಯಿತೋ, ಲೆಕ್ಕ ಚುಕ್ತಾ, ಕೀಲು ಮರಳಿಗೆ ಬಡಿಯಿತು. ನಿಂತ ದೋಣಿಯ ಮೇಲೆ ಹಿಂದಿನ ತೆರೆ ಬೀಳುತ್ತದೆ. ಇಳಿತದ ಹೊತ್ತಾದರೆ ಇನ್ನೂ ಕೆಟ್ಟದು. ಹೊಳೆಯ ನೀರು ಹೊರಕ್ಕೆ ನುಗ್ಗುತ್ತದೆ, ತೆರೆ ಒಳಕ್ಕೆ ನುಗ್ಗುತ್ತದೆ, ಡಿಕ್ಕಿ ಹೊಡೆದಲ್ಲಿ ತೆರೆ ಗೋಡೆಯಾಗುತ್ತದೆ.

ಎಲ್ಲಕ್ಕಿಂತ ಮೋಸ ಬೇರೊಂದು ಇದೆ. ಅಳಿವೆಯಲ್ಲಿ ತೆರೆ ಒಡೆಯುವುದು ದಡದಲ್ಲಿ ನಿಂತ ನಮಗೆ ಬೆಳ್ಳಗೆ ಸ್ಪಷ್ಟ ಕಾಣುತ್ತದೆ. ಕಡಲ ಕಡೆಯಿಂದ ಬರುವವನಿಗೆ ಕಾಣುವುದು ತೆರೆಗಳ ಬೆನ್ನು ಮಾತ್ರ. ಬೆನ್ನು ಯಾವಾಗಲೂ ನುಣ್ಣಗೇ. "ಅಡ್ಡಿಯಿಲ್ಲ, ಹೋಗಬಹುದು" ಅಂತ ಮುಂದೆ ಬಂದವನಿಗೆ ನಿಜ ಗೊತ್ತಾಗುವಾಗ ತಿರುಗಲು ಜಾಗ ಇರುವುದಿಲ್ಲ.

ಹಾಯಿದೋಣಿಗೆ ಇನ್ನೊಂದು ಕಷ್ಟ. ಅದು ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ಹಾವಿನ ದಾರಿ ಹಿಡಿಯಬೇಕು. ದೊಡ್ಡ ತೆರೆಯಲ್ಲಿ ಅಷ್ಟೂ ಸಾಧ್ಯವಾಗದು. ಗಾಳಿ ದಡಕ್ಕೆ ತಳ್ಳುತ್ತಿರುವಾಗ ದಡದ ಬಗಲಿಗೆ ಹೋಗಿಬಿಟ್ಟರೆ ವಾಪಸು ಹೊರಗೆ ಬರುವ ದಾರಿ ಬಂದ್.

ಹಾಗಾದರೆ ಮಾಡುವುದೇನು?

ಹೊರಗೆ ಹೋಗುವುದು. ಹೌದು, ದಡ ಬಿಟ್ಟು ಇನ್ನೂ ಹೊರಗೆ.

ನಮ್ಮ ದೋಣಿಯ ಅಣ್ಣ ಮಾಡಿದ್ದೂ ಅದೇ. ಸಂಜೆ ಬೆಳಕು ಇರುವಾಗಲೇ ಮುಂದಿನ ಹಾಯಿ ತೀರಾ ಚಿಕ್ಕದು ಮಾಡಿ, ಪಡುಗಾಳಿಯನ್ನು ಬಲಕ್ಕೆ ಇಟ್ಟುಕೊಂಡು, ಮೂಗನ್ನು ನೈರುತ್ಯಕ್ಕೆ ತಿರುಗಿಸಿದರು. ದಡದ ದೀಪಗಳು ಒಂದೊಂದೇ ಮುಳುಗಿದವು. ಹುಡುಗನಿಗೆ ಜೀವ ಬಾಯಿಗೆ ಬಂತು. ಮನೆ ಕಡೆಗೆ ಬೆನ್ನು ಹಾಕಿ ಕತ್ತಲಿಗೆ ಹೋಗುವುದು ಅಂದರೆ ಸುಮ್ಮನೆಯೇ?

ಇಪ್ಪತ್ತು ಮೈಲಿ ಹೊರಗೆ ಬಂದ ಮೇಲೆ ದೋಣಿಯನ್ನು ನಿಲ್ಲಿಸಿದರು. ನಡುಕಡಲಿನಲ್ಲಿ ದೋಣಿ ನಿಲ್ಲಿಸುವ ಒಂದು ಉಪಾಯ ಉಂಟು. ಮುಂದಿನ ಹಾಯಿಯನ್ನು ಗಾಳಿ ಬರುವ ಕಡೆಗೇ ಎಳೆದು ಕಟ್ಟುವುದು, ಚುಕ್ಕಾಣಿಯನ್ನು ಅದಕ್ಕೆ ವಿರುದ್ಧ ಬಿಗಿಯುವುದು. ಒಂದು ದೋಣಿಯನ್ನು ಒಂದು ಕಡೆ ತಿರುಗಿಸಿದರೆ ಇನ್ನೊಂದು ಮತ್ತೊಂದು ಕಡೆ ತಿರುಗಿಸುತ್ತದೆ. ಜಗಳ ಸಮಸಮ. ದೋಣಿ ಗಾಳಿಗೆ ಓರೆಯಾಗಿ ಕೂತು, ಗಂಟೆಗೆ ಒಂದೋ ಒಂದೂವರೆಯೋ ಮೈಲಿ ಮಾತ್ರ ತೇಲುತ್ತದೆ. ಕುಣಿತ ಅರ್ಧಕ್ಕೆ ಇಳಿಯುತ್ತದೆ. ಒಬ್ಬ ಕಾವಲು, ಒಬ್ಬ ನಿದ್ದೆ.

ಅಂಗಡಿಯವರಿಗೆ ಇದು ಬೇಗ ಅರ್ಥವಾದೀತು. ದಡದಿಂದ ದೂರ ಅನ್ನುವುದು ಕೈಯಲ್ಲಿರುವ ಬಂಡವಾಳ. ಇಪ್ಪತ್ತು ಮೈಲಿ ಇದೆ, ಗಂಟೆಗೆ ಒಂದೂವರೆ ಮೈಲಿ ಖರ್ಚು. ಹದಿಮೂರು ಗಂಟೆ ನೂಕಬಹುದು. ಅಷ್ಟರಲ್ಲಿ ಬೆಳಗಾಗುತ್ತದೆ, ಗಾಳಿ ಇಳಿಯುತ್ತದೆ. ದಡದಿಂದ ಎರಡೇ ಮೈಲಿ ಇದ್ದವನ ಬಂಡವಾಳ ಒಂದೂವರೆ ಗಂಟೆಯೊಳಗೆ ಖಾಲಿ, ಆಮೇಲೆ ಬಂಡೆಗೆ ಜಪ್ತಿ.

ಒಳಗೆ ಬರಲೇಬೇಕಾದರೆ? ಆಳದ ನೀರಿರುವ, ದಿಬ್ಬ ಇಲ್ಲದ, ಗಾಳಿಗೆ ಮರೆ ಇರುವ ಜಾಗ ಹುಡುಕಬೇಕು. ನಮ್ಮ ಕರಾವಳಿಯಲ್ಲಿ ಅಂಥದ್ದು ಕಾರವಾರ. ಗುಡ್ಡ ಮತ್ತು ದ್ವೀಪಗಳು ಅಡ್ಡ ನಿಂತ ಕೊಲ್ಲಿ ಅದು. 2017ರ ಒಖಿ, 2019ರ ಕ್ಯಾರ್ ಚಂಡಮಾರುತ ಬಂದಾಗ ಹೊರರಾಜ್ಯದ ಮೀನುಗಾರಿಕೆ ಬೋಟುಗಳೂ ಅಲ್ಲಿಗೇ ಬಂದು ನಿಂತವು. ಆದರೆ ಅಲ್ಲಿಗೂ ಬರಬೇಕಾದದ್ದು ಗಾಳಿ ಏಳುವ ಮುಂಚೆ.

1979ರ ಆ ರಾತ್ರಿ

ಈ ಲೆಕ್ಕಕ್ಕೆ ಪ್ರಪಂಚವೇ ಕಂಡ ಸಾಕ್ಷಿ ಒಂದಿದೆ. 1979ರ ಆಗಸ್ಟ್ 11ರಂದು ಇಂಗ್ಲೆಂಡಿನ ಕೌಸ್ ಎಂಬಲ್ಲಿಂದ 303 ಹಾಯಿದೋಣಿಗಳು ಒಂದು ಪಂದ್ಯಕ್ಕೆ ಹೊರಟವು. ಐರ್ಲೆಂಡಿನ ತುದಿಯ ಫಾಸ್ಟ್‌ನೆಟ್ ಬಂಡೆಗೆ ಒಂದು ಸುತ್ತು ಹಾಕಿ ಪ್ಲಿಮತ್ ಬಂದರಿಗೆ ವಾಪಸು. ದಾರಿ 605 ಮೈಲಿ. ದೊಡ್ಡ ದೊಡ್ಡ ದೋಣಿಗಳ ಜೊತೆಗೆ ಮೂವತ್ತು ಅಡಿಯ ಸಣ್ಣವೂ ಬೇಕಾದಷ್ಟು ಇದ್ದವು. ಬ್ರಿಟನ್ನಿನ ಮಾಜಿ ಪ್ರಧಾನಿ ಎಡ್ವರ್ಡ್ ಹೀತ್ ಕೂಡ ತಮ್ಮ ದೋಣಿಯಲ್ಲಿ ಹೊರಟಿದ್ದರು.

ಆಗಸ್ಟ್ 13ರ ರಾತ್ರಿ ಬಿರುಗಾಳಿ ಬಡಿಯಿತು. ಮಧ್ಯಾಹ್ನದ ರೇಡಿಯೋ ಹೇಳಿದ್ದಕ್ಕಿಂತ ಎಷ್ಟೋ ಜೋರಿನ ಗಾಳಿ. ಬೆಳಗಾಗುವುದರೊಳಗೆ ಆ ಕಡಲಿಗೆ ಹೆಲಿಕಾಪ್ಟರುಗಳು, ನೌಕಾಪಡೆಯ ಹಡಗುಗಳು, ಜೀವರಕ್ಷಕ ದೋಣಿಗಳು ಧಾವಿಸಬೇಕಾಯಿತು. ಪಂದ್ಯದಲ್ಲಿದ್ದ 15 ಮಂದಿ ಸತ್ತರು. ಪಂದ್ಯ ಮುಗಿಸಿದ್ದು 85 ದೋಣಿ.

ಕೊನೆಗೆ ವಿಚಾರಣೆ ನಡೆದಾಗ ಹೊರಬಿದ್ದ ಅಂಕಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಜನ ಬಿಟ್ಟು ಇಳಿದ ದೋಣಿಗಳು 24. ಅವುಗಳಲ್ಲಿ ಮುಳುಗಿದ್ದು 5 ಮಾತ್ರ. ಉಳಿದ 19 ದೋಣಿಗಳು, ಒಳಗೆ ಯಾರೂ ಇಲ್ಲದೆ, ಚುಕ್ಕಾಣಿ ಹಿಡಿಯುವವರಿಲ್ಲದೆ, ತಮ್ಮಷ್ಟಕ್ಕೆ ತೇಲುತ್ತಿದ್ದವು! ದೋಣಿ ಬಿಟ್ಟು ರಬ್ಬರಿನ ಜೀವರಕ್ಷಕ ತೆಪ್ಪಕ್ಕೆ ಇಳಿದ ಸಂದರ್ಭಗಳಲ್ಲೇ ಏಳು ಮಂದಿ ಪ್ರಾಣ ಬಿಟ್ಟರು. ಆ ಏಳು ಮಂದಿ ಬಿಟ್ಟುಬಂದ ದೋಣಿಗಳು ಮಾತ್ರ ಆಮೇಲೆ ಸಿಕ್ಕವು, ಎಳೆದು ಬಂದರಿಗೆ ತಂದರು.

'ಗ್ರಿಮಾಲ್ಕಿನ್' ಅನ್ನುವ ಮೂವತ್ತು ಅಡಿಯ ದೋಣಿಯ ಕಥೆ ಇನ್ನೂ ಘೋರ. ಆರು ಜನರಲ್ಲಿ ಒಡೆಯ ನೀರುಪಾಲಾದರು. ಇಬ್ಬರು ಸತ್ತರೆಂದು ತಿಳಿದು ಮೂವರು ತೆಪ್ಪಕ್ಕೆ ಇಳಿದರು. ಸತ್ತರೆಂದುಕೊಂಡ ಇಬ್ಬರಿಗೂ ಜೀವ ಇತ್ತು. ಒಬ್ಬರು ಆಮೇಲೆ ದೋಣಿಯಲ್ಲೇ ಕೊನೆಯುಸಿರೆಳೆದರು. ಇನ್ನೊಬ್ಬರನ್ನು ಹೆಲಿಕಾಪ್ಟರ್ ಎತ್ತಿ ಉಳಿಸಿತು. ಅಲ್ಲಿಯವರೆಗೆ ಆ ಮುರಿದ ದೋಣಿ ಅವರನ್ನು ಹೊತ್ತುಕೊಂಡೇ ಇತ್ತು.

ದೋಣಿ ಬಿಟ್ಟು ಇಳಿಯುವುದಿದ್ದರೆ ಅದು ಕಾಲ ಕೆಳಗೆ ಮುಳುಗುತ್ತಿರುವಾಗ ಮಾತ್ರ ಅಂತ ಹಾಯಿಯವರು ಅಂದಿನಿಂದ ಹೇಳುತ್ತಾರೆ. ನಮ್ಮವರೇ ಆದ ಅಭಿಲಾಷ್ ಟೋಮಿ 2018ರ ಸೆಪ್ಟೆಂಬರಿನಲ್ಲಿ ಇದನ್ನು ನಡೆಸಿ ತೋರಿಸಿದರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಅವರ 'ತುರಿಯಾ'ದ ಹಾಯಿಕಂಬ ಮುರಿಯಿತು, ಬೆನ್ನಿಗೆ ದೊಡ್ಡ ಪೆಟ್ಟು ಬಿತ್ತು. ಏಳಲಾಗದೆ ದೋಣಿಯೊಳಗೇ ಮಲಗಿದ್ದರು. ಫ್ರಾನ್ಸಿನ 'ಒಸಿರಿಸ್' ಹಡಗು ಬಂದು ಎತ್ತಿಕೊಂಡಿತು. ಅದೇ ಮನುಷ್ಯ ಮುಂದಿನ ಸಲ, 2022-23ರಲ್ಲಿ, ಅದೇ ಪಂದ್ಯದಲ್ಲಿ ಎರಡನೆಯವರಾಗಿ ಮುಗಿಸಿದರು.

ಹೆದರಿಕೆ ಎರಡು ಕಡೆ ತಳ್ಳುತ್ತದೆ. ಒಂದು, ದಡಕ್ಕೆ ಓಡು ಅಂತ. ಎರಡು, ದೋಣಿ ಬಿಟ್ಟು ಹಾರು ಅಂತ. ಎರಡನ್ನೂ ತಡೆದುಕೊಂಡವನೇ ಹೆಚ್ಚಾಗಿ ಮರುದಿನ ಚಹಾ ಕುಡಿಯುತ್ತಾನೆ.

ನಮ್ಮ ಮನೆಯಂಗಳದ ಮಾತು

ದೂರದ ಇಂಗ್ಲೆಂಡು ಬಿಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಹಾದು ಹೋದಾಗ 'ಕೋರಮಂಡಲ್ ಸಪೋರ್ಟರ್' ಅನ್ನುವ ಟಗ್ ಕಾಪು ಕಡಲಿನ ಬಂಡೆಗಳಿಗೆ ಸಿಕ್ಕಿಹಾಕಿಕೊಂಡಿತು. ಒಳಗಿದ್ದ ಒಂಬತ್ತು ಮಂದಿಯನ್ನು ಹೊರತರಲು ಎರಡು ದಿನ ಬೇಕಾಯಿತು. ಬಂಡೆ ಮತ್ತು ತೆರೆಗಳ ನಡುವೆ ದೊಡ್ಡ ಹಡಗು ಬಗಲಿಗೆ ಹೋಗುವಂತಿರಲಿಲ್ಲ. ಕೊನೆಗೆ ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರು ಮತ್ತು ಕರಾವಳಿ ಕಾವಲು ಪಡೆಯವರು ಎಲ್ಲರನ್ನೂ ಪಾರು ಮಾಡಿದರು. ಅದು ಎಂಜಿನ್ ಇದ್ದ ಉಕ್ಕಿನ ಹಡಗು. ಅದನ್ನು ಹಿಡಿದಿಟ್ಟದ್ದು ನಡುಕಡಲು ಅಲ್ಲ, ದಡದ ಬಂಡೆ.

ಅದಕ್ಕೂ ಮುಂಚೆ, 2019ರ ಜನವರಿ 21. ಕಾರವಾರದ ಹೊರಗಿನ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸು ಬರುತ್ತಿದ್ದ ಬೋಟು ಮಗುಚಿತು. ಹೆಂಗಸರು ಮಕ್ಕಳು ಸೇರಿ 16 ಜನ ಹೋದರು. ಮಳೆಗಾಲ ಅಲ್ಲ, ಚಂಡಮಾರುತ ಅಲ್ಲ, ಹಾಡುಹಗಲು. ಬೋಟಿನಲ್ಲಿ ಜನ ಹೆಚ್ಚು, ಮೈಮೇಲೆ ಲೈಫ್ ಜಾಕೆಟ್ ಕಮ್ಮಿ. ದಡ ಕಾಣುತ್ತಿದೆಯಲ್ಲ, ಇನ್ನೇನು ಬಂತಲ್ಲ ಅನ್ನುವ ಧೈರ್ಯ ನಮಗೆಲ್ಲರಿಗೂ ಇರುವಂಥದ್ದೇ.

ಮೀನುಗಾರರಿಗೆ ನಾವು ಬುದ್ಧಿ ಹೇಳುವುದು ಬೇಡ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಕಾಯಿ ಒಪ್ಪಿಸುವ ಜನ ಅವರು, ಕಡಲಿನ ಕೋಪ ನಮಗಿಂತ ಬಲ್ಲರು. ಅಳಿವೆ ಕೆಟ್ಟಿದೆ ಅಂತ ಗೊತ್ತಿದ್ದೂ ಅವರು ಒಳಗೆ ನುಗ್ಗುವುದಕ್ಕೆ ಕಾರಣ ಬೇರೆ. ಹಾಯಿದೋಣಿಯವನು ಹೊರಗೆ ಹದಿಮೂರು ಗಂಟೆ ಕಾಯಬಹುದು. ಮೀನು ಕಾಯುವುದಿಲ್ಲ. ಐಸು ಕರಗುತ್ತದೆ, ಡೀಸೆಲ್ ಮುಗಿಯುತ್ತದೆ, ದಕ್ಕೆಯಲ್ಲಿ ಏಲಂ ಶುರುವಾಗುತ್ತದೆ, ಬ್ಯಾಂಕಿನ ಕಂತು ತಲೆಯಲ್ಲಿ ಕೂತಿರುತ್ತದೆ. ಸಣ್ಣ ನಾಡದೋಣಿಗೆ ಕೀಲೂ ಇಲ್ಲ, ಮಲಗುವ ಕೋಣೆಯೂ ಇಲ್ಲ, ಬಿರುಗಾಳಿಯಲ್ಲಿ ರಾತ್ರಿ ಹೊರಗೆ ಉಳಿಯುವ ಹಾಗೇ ಇಲ್ಲ. ಅವನಿಗೆ ಅಳಿವೆ ಬಾಗಿಲು ಒಂದೇ ದಾರಿ. ಆದ್ದರಿಂದಲೇ ಆ ಬಾಗಿಲನ್ನು ತೆರೆದಿಡುವ ಜವಾಬ್ದಾರಿ ದಡದಲ್ಲಿ ಕೂತವರದು. ಅಳಿವೆಯ ಹೂಳೆತ್ತುವುದು, ತಡೆಗೋಡೆ ಸರಿಯಾಗಿ ಕಟ್ಟುವುದು, ದಾರಿಯ ದೀಪ ಉರಿಯುವಂತೆ ನೋಡುವುದು ಅಲಂಕಾರದ ಕಾಮಗಾರಿಗಳಲ್ಲ. ಒಂದು ವರ್ಷ ಹೂಳೆತ್ತಿ ಫೋಟೋ ಹಾಕಿ ಮರೆತರೆ ಆಗದು. ಮರಳಿಗೆ ಫೋಟೋ ನೋಡುವ ಅಭ್ಯಾಸ ಇಲ್ಲ, ಅದು ಮುಂದಿನ ಮಳೆಗೆ ಮತ್ತೆ ಬಂದು ಕೂರುತ್ತದೆ.

ನಮ್ಮ ನಿಮ್ಮ ಪಾಲಿನದ್ದೂ ಸ್ವಲ್ಪ ಉಂಟು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೋ, ಹೊಳೆ ದಾಟಿ ಜಾತ್ರೆಗೋ ಹೋಗುವಾಗ ಬೋಟಿನವನು ಜಾಕೆಟ್ ಕೊಟ್ಟರೆ ಸೀಟಿನ ಕೆಳಗೆ ತುರುಕಬೇಡಿ, ಬಕ್ಕಲ್ ಹಾಕಿಕೊಳ್ಳಿ. ಕೊಡದಿದ್ದರೆ ಕೇಳಿ. "ಇನ್ನೂ ಹತ್ತು ಜನ ಬಂದರೆ ಹೊರಡುವ" ಅಂದರೆ ನೀವು ಇಳಿದುಬಿಡಿ. ಬಂದರು ಕಚೇರಿಯಲ್ಲಿ 3ನೇ ನಂಬರಿನ ಎಚ್ಚರಿಕೆ ಸಂಕೇತ ಏರಿಸಿದ್ದಾರೆ ಅಂದರೆ ಬಂದರಿಗೆ ಜೋರು ಗಾಳಿಯ ಭಯ ಇದೆ ಅಂತ ಅರ್ಥ, ಆ ದಿನ ಪ್ರವಾಸ ಬೇಡ. ಕಡಲಲ್ಲಿ ಯಾರಾದರೂ ಕಷ್ಟದಲ್ಲಿರುವುದು ಕಂಡರೆ ನಿಂತು ವೀಡಿಯೋ ಮಾಡುವ ಮುಂಚೆ 1554ಕ್ಕೆ ಫೋನ್ ಮಾಡಿ. ಅದು ಕರಾವಳಿ ಕಾವಲು ಪಡೆಯ ನಂಬರು. ಕರಾವಳಿ ಕಾವಲು ಪೊಲೀಸರದು 1093. ಎರಡನ್ನೂ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ, ಕ್ಯಾಲೆಂಡರಿನ ಪಕ್ಕ ಬರೆದಿಟ್ಟರೆ ನಷ್ಟವಿಲ್ಲ.

ಅಂದಹಾಗೆ ನಮ್ಮ ದೋಣಿಯ ಇಬ್ಬರು ಏನಾದರು ಅಂತ ಕೇಳುವವರಿಗೆ: ರಾತ್ರಿ ಎರಡಕ್ಕೆ ಗಾಳಿ ಇಳಿಯಿತು. ಬೆಳಗ್ಗೆ ನೆಲದ ಗಾಳಿಯಲ್ಲಿ ಸಣ್ಣ ಹಾಯಿ ಬಿಚ್ಚಿ, ಮಧ್ಯಾಹ್ನ ಭರತದ ಹೊತ್ತು ನೋಡಿಕೊಂಡು ಮಲ್ಪೆಗೆ ಬಂದರು. ಹದಿನೆಂಟು ಗಂಟೆಯ ದಾರಿಗೆ ಮೂವತ್ತೆರಡು ಗಂಟೆ. ತಡವಾಯಿತು, ಅಷ್ಟೆ.